ಮೈಕೆಲೇಂಜಲೋ ಸರಿ, ಮಲ್ಲಿತಮ್ಮ ಯಾರು?

ಕಳೆದ ರಾಜ್ಯೋತ್ಸವದಂದು ನಮ್ಮ ಸಂಘದಲ್ಲಿ ಮಕ್ಕಳಿಗಾಗಿ ರಸಪ್ರಶ್ನೆ ನಡೆಯಿತು. ಬಂದಿದ್ದವರಿಗೆ ನೆನಪಿರಬಹುದು. ‘ಮೋನಾಲಿಸಾ’ ಚಿತ್ರವನ್ನು ಬರೆದವರು ಯಾರು ಎಂದು ಕೇಳಿದ್ದೇ ತಡ, ಹತ್ತು ಕೈಗಳು ಮೇಲೆದ್ದವು. ಇಟಲಿಯ ನಾಲ್ವರು ಕಲಾವಿದರ ಹೆಸರು ಹೇಳಿ ಎಂದಾಗ ಎಂಟು ವರ್ಷದ ಪೋರನೊಬ್ಬ ಲಿಯೊನಾರ್ಡೋ, ಮೈಕೆಲೇಂಜಲೋ, ರಾಫೆಲ್, ಡೊನಟೆಲ್ಲೊ ಎಂದು ಒಂದೇ ಉಸಿರಿಗೆ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ. ಅವನು ಅದನ್ನು ಕಲಿತದ್ದು ಆಮೆಗಳ ಕಾರ್ಟೂನಿನಿಂದ ಎಂದು ಆಮೇಲೆ ತಿಳಿಯಿತು. ಇರಲಿ, ಎಲ್ಲಿಂದ ಕಲಿತರೇನು, ಕಲಿತನಲ್ಲ!

ಮುಂದಿನ ಪ್ರಶ್ನೆ: ಬೇಲೂರಿನ ಶಿಲಾಬಾಲಿಕೆಯರನ್ನು ಕಡೆದವರು ಯಾರು? ಮಕ್ಕಳು, ದೊಡ್ಡವರು ಎಲ್ಲರೂ ಒಕ್ಕೊರಲಿನಿಂದ ‘ಜಕಣಾಚಾರಿ’ ಎಂದರು. ಪೂರ್ತಿ ಅಂಕ ಸಿಕ್ಕಿತು. ಅದರ ಮುಂದಿನ ಪ್ರಶ್ನೆ: ನಮ್ಮ ಈ ಕಲ್ಕತ್ತೆಯಲ್ಲೇ ಏಳು ವರ್ಷ ಇದ್ದು ಕಲಿತು ಹೋದ ಕನ್ನಡದ ಮಹಾ ಚಿತ್ರಕಾರ ಯಾರು? ಸಭೆ ಸ್ತಬ್ಧ. ಮಕ್ಕಳು ಅಪ್ಪಂದಿರ ಮುಖ ನೋಡಿದರು, ಅಪ್ಪಂದಿರು ಕಾಫಿ ಬರುವ ಬಾಗಿಲ ಕಡೆ ನೋಡಿದರು. ನಾವೂ ಆ ಅಪ್ಪಂದಿರಲ್ಲಿ ಒಬ್ಬರು. ಉತ್ತರ ನಮಗೂ ಬರಲಿಲ್ಲ. ಆದ್ದರಿಂದ ಈ ಲೇಖನದಲ್ಲಿ ನಾವು ಹೊರಿಸುವ ಆಪಾದನೆಗಳಿಗೆಲ್ಲ ಮೊದಲ ಆರೋಪಿ ನಾವೇ ಎಂದು ಓದುಗರು ತಿಳಿಯಬೇಕು.

ಕಾಫಿಯ ಹೊತ್ತಿಗೆ ಎರಡು ಪಕ್ಷಗಳು ಹುಟ್ಟಿದವು. ಹಿರಿಯರೊಬ್ಬರು, ‘ಕನ್ನಡ ಸಂಘದಲ್ಲಿ ಇಟಲಿಯವರ ಗೊಡವೆ ಯಾಕೆ ಸ್ವಾಮಿ? ನಮ್ಮದೇ ಬೇಕಾದಷ್ಟಿದೆ’ ಎಂದರು. ಇನ್ನೊಬ್ಬರು, ‘ಇಟಲಿಯವರಿಗೆ ಹೆಸರಿದೆ, ಚರಿತ್ರೆ ಇದೆ. ನಮ್ಮ ಶಿಲ್ಪಿಗಳು ದೇವರ ಕೆಲಸವೆಂದು ಮಾಡಿದರು, ಹೆಸರನ್ನೇ ಬಿಟ್ಟುಹೋಗಲಿಲ್ಲ. ಮಕ್ಕಳಿಗೆ ಏನೆಂದು ಕಲಿಸೋಣ?’ ಎಂದರು. ಇಬ್ಬರ ಮಾತಿಗೂ ತಲೆಯಾಡಿಸುವವರಿದ್ದರು. ಎರಡು ಮಾತೂ ತಪ್ಪು ಎಂಬುದು ನಮ್ಮ ವಾದ. ಎರಡನೆಯದು ಹೆಚ್ಚು ತಪ್ಪು, ಹೆಚ್ಚು ಅಪಾಯಕರ. ಅದನ್ನೇ ಮೊದಲು ನೋಡೋಣ.

ನಮ್ಮ ಶಿಲ್ಪಿಗಳು ಹೆಸರು ಬಿಟ್ಟುಹೋಗಲಿಲ್ಲವೆಂದು ಹೇಳಿದವರು ಯಾರು? ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿನ ಮದನಿಕೆಯರು ಒಟ್ಟು 42. ಹೊರಗೆ 38, ಒಳಗೆ 4. ಅವುಗಳಲ್ಲಿ ಕೆಲವು ವಿಗ್ರಹಗಳ ಕೆಳಗೆ ಕಡೆದವರ ಹೆಸರು ಕಲ್ಲಿನಲ್ಲೇ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬರಿಯ ಹೆಸರಲ್ಲ, ಎದುರಾಳಿ ಶಿಲ್ಪಿಗಳ ಬಿರುದನ್ನು ಮುರಿದವನು ಎಂಬಂಥ ಹೆಮ್ಮೆಯ ವಿಶೇಷಣಗಳೂ ಉಂಟು. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ನಂದಿಯ ಬೈಚೋಜ ಮತ್ತು ಮಲ್ಲಿತಮ್ಮ ಇಬ್ಬರ ಸಹಿಯೂ ಇದೆ. ಇದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದ ಕೇಶವ ದೇವಾಲಯದಲ್ಲಿ ಗೋಡೆಯುದ್ದಕ್ಕೂ ಮತ್ತೆ ಮತ್ತೆ ಸಿಗುತ್ತದೆ. 1196ರ ಅಮೃತಾಪುರದ ಗುಡಿಯಲ್ಲಿ ಅವನು ಕೆಲಸ ಕಲಿತನೆಂದೂ, ಸೋಮನಾಥಪುರದ ಹೊತ್ತಿಗೆ ಅವನು ಅರವತ್ತು ವರ್ಷಗಳ ಅನುಭವದ ಮುದುಕನಾಗಿದ್ದನೆಂದೂ ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಇನ್ನೂ ಹಿಂದಕ್ಕೆ ಹೋಗಬೇಕೆ? ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನ ಅದರ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನು ಹೇಳಿ, ಅವನಿಗೆ ಸಂದ ‘ತ್ರಿಭುವನಾಚಾರಿ’ ಎಂಬ ಬಿರುದನ್ನೂ ಹೇಳುತ್ತದೆ. ಇಟಲಿಯಲ್ಲಿ ಡೊನಟೆಲ್ಲೊ ಹುಟ್ಟಲು ಆಗ ಇನ್ನೂ ಆರು ನೂರಕ್ಕೂ ಹೆಚ್ಚು ವರ್ಷಗಳಿದ್ದವು.

ಈಗ ಇಟಲಿಗೆ ಬನ್ನಿ. ಮೈಕೆಲೇಂಜಲೋ (1475-1564) ತನ್ನ ಜೀವಮಾನದಲ್ಲಿ ಸಹಿ ಹಾಕಿದ್ದು ಒಂದೇ ಒಂದು ಕೃತಿಗೆ. ಅದು ರೋಮಿನಲ್ಲಿರುವ ‘ಪಿಯೆತಾ’, ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿ. ಅದನ್ನು ಮುಗಿಸಿದಾಗ ಅವನಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ನೋಡಲು ಬಂದ ಯಾರೋ ಅದು ಬೇರೊಬ್ಬ ಶಿಲ್ಪಿಯ ಕೆಲಸವೆಂದು ಮಾತಾಡಿಕೊಂಡದ್ದು ಕಿವಿಗೆ ಬಿದ್ದು, ರಾತ್ರಿ ದೀಪ ಹಿಡಿದು ಹೋಗಿ ತಾಯಿಯ ಎದೆಯ ಮೇಲಿನ ಪಟ್ಟಿಯಲ್ಲಿ ತನ್ನ ಹೆಸರು ಕೆತ್ತಿದನೆಂದು ವಸಾರಿ ಕಥೆ ಹೇಳುತ್ತಾನೆ. ಹೀಗಿರುವಾಗ ಹೆಸರು ಹಾಕದೆ ಹೋದವರು ಯಾರು, ಹೆಸರು ಹಾಕಿದವರು ಯಾರು? ಸಹಿಯ ಲೆಕ್ಕದಲ್ಲಿ ನಮ್ಮ ಮಲ್ಲಿತಮ್ಮ ಮೈಕೆಲೇಂಜಲೋನನ್ನು ಎಂದೋ ಮೀರಿಸಿದ್ದಾನೆ.

ಆದರೂ ಲೋಕಕ್ಕೆ ಅವನು ಗೊತ್ತು, ಇವನು ಗೊತ್ತಿಲ್ಲ. ಕಾರಣ ಕಲ್ಲಿನಲ್ಲಿಲ್ಲ, ಕಾಗದದಲ್ಲಿದೆ. ಜಾರ್ಜೋ ವಸಾರಿ ಎಂಬವನು ಸ್ವತಃ ಚಿತ್ರಕಾರ, ವಾಸ್ತುಶಿಲ್ಪಿ. ಅವನ ಚಿತ್ರಗಳನ್ನು ಇಂದು ಹುಡುಕಿಕೊಂಡು ಹೋಗುವವರು ಕಡಿಮೆ. ಆದರೆ 1550ರಲ್ಲಿ ಅವನು ತನ್ನ ನಾಡಿನ ಕಲಾವಿದರ ಜೀವನಚರಿತ್ರೆಗಳನ್ನು ಬರೆದು ಅಚ್ಚು ಹಾಕಿಸಿದ. 1568ರಲ್ಲಿ ಹಿಗ್ಗಿಸಿ ಮತ್ತೆ ಹೊರತಂದ. ಯಾರು ಯಾರ ಶಿಷ್ಯ, ಯಾವ ಚರ್ಚಿನಲ್ಲಿ ಯಾರ ಕೆಲಸ, ಯಾರು ಯಾರೊಡನೆ ಜಗಳವಾಡಿದರು ಎಲ್ಲವನ್ನೂ ಬರೆದ. ಫ್ಲಾರೆನ್ಸಿನವರನ್ನು ಹೆಚ್ಚು ಹೊಗಳಿದ, ಕೇಳಿದ ಕಥೆಗಳನ್ನೂ ಸೇರಿಸಿದ, ತಪ್ಪುಗಳನ್ನೂ ಮಾಡಿದ. ಮುಂದಿನವರು ತಿದ್ದಿದರು. ತಿದ್ದುವುದಕ್ಕೆ ಒಂದು ಕಡತ ಇತ್ತಲ್ಲ! ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ಕಟ್ಟಿದ ನಮಗೆ ಇದರ ಬೆಲೆ ಗೊತ್ತು. ಟಿಪ್ಪಣಿ ತಪ್ಪಾಗಿದ್ದರೆ ಸರಿಪಡಿಸಬಹುದು. ಕಡತವೇ ಇಲ್ಲದಿದ್ದರೆ ಸಾಹೇಬರಿಗೆ ಏನನ್ನು ತೋರಿಸುವುದು?

ನಮ್ಮಲ್ಲಿ ಆ ಕೆಲಸ ಮಾಡಿದವರು ಇರಲಿಲ್ಲವೆಂದಲ್ಲ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಮೇಲೆ 1917ರಲ್ಲಿ, ಬೇಲೂರಿನ ಮೇಲೆ 1919ರಲ್ಲಿ ಪುಸ್ತಕ ಬರೆದು, ವಿಗ್ರಹಗಳ ಕೆಳಗಿನ ಹೆಸರುಗಳನ್ನು ಓದಿ ಲೋಕಕ್ಕೆ ತಿಳಿಸಿದರು. ಆ ಪುಸ್ತಕಗಳು ಇಂಗ್ಲಿಷಿನವು. ಅದೇ ನರಸಿಂಹಾಚಾರ್ಯರು ನಮ್ಮ ಕವಿಗಳಿಗಾಗಿ ಕನ್ನಡದಲ್ಲಿ ‘ಕರ್ನಾಟಕ ಕವಿಚರಿತೆ’ಯನ್ನು ಮೂರು ಸಂಪುಟಗಳಲ್ಲಿ ಕೊಟ್ಟರು. ಅದರ ಫಲವಾಗಿ ಪಂಪ ಯಾರು, ರನ್ನ ಯಾರು ಎಂದು ಶಾಲೆಯ ಹುಡುಗನೂ ಹೇಳಬಲ್ಲ. ಶಿಲ್ಪಿಗಳ ಚರಿತ್ರೆ ಮಾತ್ರ ವಿದ್ವಾಂಸರ ಕಪಾಟಿನಲ್ಲೇ ಉಳಿಯಿತು. ಆಮೇಲೆ ಷ. ಶೆಟ್ಟರ್ ಅವರಂಥವರು ಆ ರೂವಾರಿಗಳ ಬಗ್ಗೆ ಆಯುಷ್ಯವನ್ನೇ ಸವೆಸಿದರು. ಅವರ ಒಂದು ಪುಸ್ತಕವಾದರೂ ನಮ್ಮಲ್ಲಿ ಎಷ್ಟು ಮನೆಗಳ ಗೂಡಿನಲ್ಲಿದೆ? ಕೈ ಎತ್ತಿ ಎಂದರೆ ಮತ್ತೆ ಕಾಫಿಯ ಬಾಗಿಲು ನೋಡಬೇಕಾದೀತು.

ಹಾಗಾದರೆ ನಮ್ಮ ಮನೆಗಳಲ್ಲಿ ಇರುವುದೇನು? ಜಕಣಾಚಾರಿಯ ಕಥೆ. ಮಗ ಡಂಕಣ ಕಲ್ಲಿನೊಳಗಿನ ಕಪ್ಪೆಯನ್ನು ತೋರಿಸಿದ್ದು, ತಂದೆ ಕೈ ಕತ್ತರಿಸಿಕೊಂಡದ್ದು. ಕಥೆ ಸೊಗಸಾಗಿದೆ, ನಾವೂ ಅಜ್ಜಿಯ ಬಾಯಲ್ಲಿ ಕೇಳಿ ಅತ್ತವರೇ. ಆದರೆ ಬೇಲೂರಿನ ಸಹಿಗಳಲ್ಲಿ ಜಕಣಾಚಾರಿಯ ಹೆಸರು ಸಿಕ್ಕಿಲ್ಲ. ಕಲ್ಲಿನ ಮೇಲೆ ಕನ್ನಡ ಅಕ್ಷರದಲ್ಲಿ ಹೆಸರು ಬರೆದಿಟ್ಟು ಹೋದ ದಾಸೋಜನನ್ನೂ ಅವನ ಮಗ ಚಾವಣನನ್ನೂ ಬದಿಗೆ ತಳ್ಳಿ, ಅವರ ಕೂಲಿಯನ್ನು ಕಥೆಯ ತಂದೆಮಗನಿಗೆ ಕೊಡುತ್ತಿದ್ದೇವೆ. ಕಥೆಯನ್ನು ಹೇಳಬಾರದೆಂದು ನಾವು ಹೇಳುತ್ತಿಲ್ಲ. ಕಥೆಯೆಂದು ಹೇಳಿ, ಆಮೇಲೆ ಚರಿತ್ರೆಯನ್ನೂ ಹೇಳಿ ಎನ್ನುತ್ತೇವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಮ್ಮ ಸಂಘದ ವಾಟ್ಸಪ್ ಗುಂಪಿನಲ್ಲಿ ಅಭಿನಂದನೆಯ ಹೂಗುಚ್ಛಗಳು ಹರಿದಾಡಿದವು. ಒಬ್ಬ ಶಿಲ್ಪಿಯ ಹೆಸರಾದರೂ ಅವುಗಳಲ್ಲಿ ಇತ್ತೆ?

ಇನ್ನು ಮೊದಲನೆಯ ಪಕ್ಷ: ‘ಇಟಲಿಯವರ ಗೊಡವೆ ನಮಗೇಕೆ?’ ಈ ಪ್ರಶ್ನೆಗೆ ಉತ್ತರ ನಮ್ಮ ಚೌರಂಗಿಯಲ್ಲೇ ಇದೆ. ಇಂಡಿಯನ್ ಮ್ಯೂಸಿಯಮ್ಮಿನ ಮಗ್ಗುಲಲ್ಲಿ ಸರ್ಕಾರಿ ಕಲಾ ಕಾಲೇಜು ಇದೆಯಲ್ಲ, ಅದರ ಮುಂದೆ ಎಷ್ಟು ವರ್ಷ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿದ್ದೇವೆ! 1854ರಲ್ಲಿ ಶುರುವಾದ ಆ ಶಾಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಓಲಿಂಟೋ ಗಿಲಾರ್ಡಿ ಎಂಬ ಇಟಲಿಯವನು ಉಪಪ್ರಾಂಶುಪಾಲನಾಗಿದ್ದ. ಜೋಡಾಸಾಂಕೋದ ಠಾಕೂರರ ಮನೆಯ ತರುಣ ಅವನೀಂದ್ರನಾಥರು (1871-1951) ಅವನ ಬಳಿ ಹೋಗಿ ಪ್ಯಾಸ್ಟೆಲ್ ಬಣ್ಣದ ಕೆಲಸವನ್ನೂ ರೇಖೆಯ ಶಿಸ್ತನ್ನೂ ಕಲಿತರು. ಕಲಿತು ಅದನ್ನೇ ಹಿಡಿದು ಕೂರಲಿಲ್ಲ. ಮೊಗಲರ ಚಿತ್ರಗಳ ಕಡೆ ತಿರುಗಿ ತಮ್ಮದೇ ದಾರಿ ಮಾಡಿಕೊಂಡರು. 1905ರಲ್ಲಿ ಅದೇ ಶಾಲೆಯ ಉಪಪ್ರಾಂಶುಪಾಲರಾದರು. ಅವರ ಬಳಿಗೆ 1909ರಲ್ಲಿ ಮೈಸೂರಿನಿಂದ ಒಬ್ಬ ಯುವಕ ಬಂದ. ಅರಮನೆಯ ಚಿತ್ರಗಾರರ ಮನೆತನದವನು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಬಂದವನು. ಅವರೇ ಕೆ. ವೆಂಕಟಪ್ಪ. ಅಂದು ರಸಪ್ರಶ್ನೆಯಲ್ಲಿ ನಮಗಾರಿಗೂ ಬಾರದ ಉತ್ತರ.

ಇಟಲಿಯ ಗಿಲಾರ್ಡಿ, ಬಂಗಾಳದ ಅವನೀಂದ್ರನಾಥ, ಮೈಸೂರಿನ ವೆಂಕಟಪ್ಪ, ಹೀಗೆ ಮೂರು ತಲೆಮಾರು. ಈ ಸರಪಳಿಯ ಯಾವ ಕೊಂಡಿಯನ್ನು ‘ನಮ್ಮದಲ್ಲ’ ಎಂದು ಕಳಚೋಣ? ವೆಂಕಟಪ್ಪನವರು 1916ರವರೆಗೆ ಇಲ್ಲಿದ್ದರು. ನಂದಲಾಲ ಬಸು, ಅಸಿತಕುಮಾರ ಹಲ್ದಾರ್, ಕ್ಷಿತೀಂದ್ರನಾಥ ಮಜುಂದಾರ್ ಅವರ ಸಹಪಾಠಿಗಳು. ಸೋದರಿ ನಿವೇದಿತಾ ಬರೆಯತೊಡಗಿ, 1911ರಲ್ಲಿ ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿಯವರು ಪೂರ್ತಿಗೊಳಿಸಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ ಅದರ ಚಿತ್ರಕಾರರ ಸಾಲಿನಲ್ಲಿ ಅವನೀಂದ್ರನಾಥರ ಜೊತೆಗೆ ಈ ಕನ್ನಡಿಗನ ಹೆಸರೂ ಇತ್ತು. ಊರಿಗೆ ಮರಳಿದ ಮೇಲೆ ಗುರುವಿನ ಶೈಲಿಯನ್ನೇ ಗಿಳಿಪಾಠ ಮಾಡದೆ, ಊಟಿ ಕೊಡೈಕೆನಾಲ್‌ಗಳ ಮಂಜನ್ನೂ ಬಿಸಿಲನ್ನೂ ಜಲವರ್ಣದಲ್ಲಿ ಹಿಡಿದರು. ಗಾರೆಯಲ್ಲಿ ಉಬ್ಬುಶಿಲ್ಪ ಮಾಡಿದರು. ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. ಮದುವೆಯಾಗದೆ ಕಲೆಯನ್ನೇ ಕಟ್ಟಿಕೊಂಡು 1965ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರದ ಪ್ರಶಸ್ತಿ ಇದೆ, ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಚಿತ್ರಶಾಲೆ ಇದೆ. ಆ ಚಿತ್ರಶಾಲೆಯನ್ನು ಖಾಸಗಿಯವರ ಸುಪರ್ದಿಗೆ ಒಪ್ಪಿಸುವ ಮಾತು ಬಂದಾಗ 2016ರಲ್ಲಿ ಬೆಂಗಳೂರಿನ ಕಲಾವಿದರು ಬೀದಿಗಿಳಿದರು. ಅವರು ಕಲಿತ ಊರಿನಲ್ಲಿರುವ ನಾವು ಮಾತ್ರ ಏನೂ ತಿಳಿಯದವರಂತೆ ಇದ್ದೆವು. ನಿಜಕ್ಕೂ ನಮಗೆ ಏನೂ ತಿಳಿದಿರಲಿಲ್ಲ.

‘ಯೂರೋಪು ಬೇಕೋ ಬೇಡವೋ’ ಎಂಬ ಜಗಳವನ್ನೂ ಈ ಊರು ನೂರು ವರ್ಷಕ್ಕೂ ಹಿಂದೆಯೇ ಆಡಿ ಮುಗಿಸಿದೆ. ಪ್ರಾಂಶುಪಾಲರಾಗಿದ್ದ ಹ್ಯಾವೆಲ್ ಸಾಹೇಬರು ಶಾಲೆಯ ಸಂಗ್ರಹದಲ್ಲಿದ್ದ ಯೂರೋಪಿನ ಚಿತ್ರಗಳನ್ನು ವಿಲೇವಾರಿ ಮಾಡಿ ಮೊಗಲ್ ಚಿತ್ರಗಳನ್ನು ತಂದಿಟ್ಟಾಗ ಎದುರು ನಿಂತವರು ಇಂಗ್ಲಿಷರಲ್ಲ, ಬಂಗಾಳಿಗಳು! ಬಿಳಿಯನು ನಮಗೆ ಮೇಲಾದ ಕಲೆಯನ್ನು ಕಲಿಸದಿರಲು ಹೂಡಿದ ಸಂಚು ಇದು ಎಂದು ಅವರು ಸಂಶಯಪಟ್ಟರು. ಕೊನೆಗೆ ಗೆದ್ದವರು ಎರಡನ್ನೂ ನೋಡಿ, ಎರಡರಿಂದಲೂ ಕಲಿತು, ತಮ್ಮದನ್ನು ಮಾಡಿದವರು. ನಮ್ಮವರಿಗೂ ಇದೇ ದಾರಿ.

ಹೋಲಿಸಿ ನೋಡುವುದರಲ್ಲಿ ನಷ್ಟವೇನೂ ಇಲ್ಲ, ಲಾಭವೇ ಇದೆ. ಇಟಲಿಯ ಕರಾರದ ಅಮೃತಶಿಲೆ ಕ್ಯಾಲ್ಸೈಟ್ ಎಂಬ ಖನಿಜದ್ದು. ಗಡಸಿನ ಮಾನದಲ್ಲಿ ಅದರ ಅಂಕ 3. ಹೊಯ್ಸಳರ ಬಳಪದ ಕಲ್ಲಿನ ಮುಖ್ಯ ಖನಿಜ ಕ್ಲೋರೈಟ್. ಅದರ ಅಂಕ 2ರಿಂದ 2.5. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ದಾಸೋಜ ಒಡವೆಯ ಮಣಿಮಣಿಯನ್ನೂ ಬಿಡಿಸಿ ಕಡೆದ. ಮೈಕೆಲೇಂಜಲೋ ಬೇರೊಬ್ಬರು ಕೆಡಿಸಿ ದಶಕಗಳ ಕಾಲ ಬಿಸಾಡಿದ್ದ ಅಮೃತಶಿಲೆಯ ತುಂಡಿನಲ್ಲಿ, ಹದಿನೇಳು ಅಡಿ ಎತ್ತರದ ‘ಡೇವಿಡ್’ನ ನರವನ್ನೂ ಸ್ನಾಯುವನ್ನೂ ಕಡೆದ (1501-04). ಒಬ್ಬನು ಒಡವೆಯನ್ನು ಹಾಡಿದ, ಒಬ್ಬನು ಮೈಯನ್ನು ಹಾಡಿದ. ಚಿತ್ರಕ್ಕೂ ಇದೇ ಮಾತು. ಸಿಸ್ಟೀನ್ ಚಾಪೆಲ್ಲಿನ ಚಾವಣಿಯನ್ನು (1508-12) ಹಸಿ ಗಾರೆಯ ಮೇಲೆ ಬರೆದದ್ದು. ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಲಿಯೊನಾರ್ಡೋ (1452-1519) ‘ಕೊನೆಯ ಭೋಜನ’ವನ್ನು ಒಣ ಗೋಡೆಯ ಮೇಲೆ ತನ್ನದೇ ಪ್ರಯೋಗದಲ್ಲಿ ಬರೆದ, ಅವನು ಬದುಕಿದ್ದಾಗಲೇ ಅದು ಕೆಡತೊಡಗಿತು. ಬಿ.ಎಸ್ಸಿ. ಓದಿದ ನಮಗೆ ಇದನ್ನು ಯಾರೂ ರಸಾಯನಶಾಸ್ತ್ರದ ತರಗತಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಸುಣ್ಣದ ಸಮೀಕರಣ ಇಷ್ಟು ಬೇಗ ಮರೆಯುತ್ತಿರಲಿಲ್ಲ. ಅಷ್ಟೇಕೆ, ವಿಕ್ಟೋರಿಯಾ ಸ್ಮಾರಕವನ್ನು ಊರಿನಿಂದ ಬಂದ ನೆಂಟರಿಗೆ ತೋರಿಸುತ್ತ ‘ಪೂರಾ ಇಟಲಿಯ ಕಲ್ಲು’ ಎಂದು ಜಂಬದಿಂದ ಹೇಳಿದವರಲ್ಲಿ ನಾವೂ ಒಬ್ಬರು. ಅದು ರಾಜಸ್ಥಾನದ ಮಕರಾಣದ ಕಲ್ಲು. ನಮ್ಮದನ್ನೇ ಪರರದೆಂದು ಮೆಚ್ಚುವ ಈ ಚಟಕ್ಕೆ ಮದ್ದೇನು?

ಈಗ ಮನೆಯ ಮಾತಿಗೆ ಬರುತ್ತೇವೆ. ಈ ಲೇಖನ ಹುಟ್ಟಿದ್ದೇ ಅಲ್ಲಿಂದ. ನಮ್ಮ ಮಗಳು ಈ ವರ್ಷ ಹನ್ನೆರಡನೆಯ ತರಗತಿ. ಚಿಕ್ಕಂದಿನಿಂದ ಕೈಗೆ ಸಿಕ್ಕಿದ ಕಾಗದದ ಮೇಲೆಲ್ಲ ಚಿತ್ರ ಬಿಡಿಸುವವಳು. ನಮ್ಮ ಹಳೆಯ ಪೇ ಸ್ಲಿಪ್ಪುಗಳ ಹಿಂಬದಿಯೂ ಉಳಿದಿಲ್ಲ. ಮೂರು ತಿಂಗಳ ಹಿಂದೆ ಕಲಾ ಕಾಲೇಜಿನ ಪ್ರವೇಶ ಪರೀಕ್ಷೆಯ ಮಾತು ತೆಗೆದಳು. ‘ಮೊದಲು ಒಂದು ಡಿಗ್ರಿ ಮುಗಿಸು, ಒಂದು ನೌಕರಿ ಹಿಡಿ, ಆಮೇಲೆ ಭಾನುವಾರ ಬರೆದುಕೋ’ ಎಂದೆವು. ‘ನೀವೂ ಡಿಗ್ರಿ ಮುಗಿಸಿದಿರಲ್ಲಪ್ಪ, ಆಮೇಲೆ ಭಾನುವಾರ ಏನು ಮಾಡಿದಿರಿ?’ ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅವಳು ಆ ಮಾತು ಎತ್ತಿಲ್ಲ. ಪೇ ಸ್ಲಿಪ್ಪುಗಳೂ ಈಗ ಬಿಳಿಯಾಗಿಯೇ ಉಳಿದಿವೆ.

ಈ ವಿಷಯದಲ್ಲಿ ನಮಗೊಬ್ಬ ಹಿರಿಯ ಜೊತೆಗಾರ ಇದ್ದಾನೆ. ಮೈಕೆಲೇಂಜಲೋನ ತಂದೆ ಲೊಡೊವಿಕೊ. ಅವನೂ ಸಣ್ಣಪುಟ್ಟ ಸರ್ಕಾರಿ ಹುದ್ದೆಗಳಲ್ಲಿದ್ದವನೇ. ಮಗ ಚಿತ್ರ, ಕಲ್ಲು ಎಂದು ಅಲೆಯುವುದು ಮನೆತನಕ್ಕೆ ಕುಂದು ಎಂದು ಬೈದು ಹೊಡೆದನೆಂದು ಚರಿತ್ರೆಕಾರರು ಬರೆದಿದ್ದಾರೆ. ಆದರೂ ಕೊನೆಗೆ, ಹುಡುಗನಿಗೆ ಹದಿಮೂರಾದಾಗ, 1488ರಲ್ಲಿ ಗಿರ್ಲಾಂಡಾಯೊ ಎಂಬ ಚಿತ್ರಕಾರನ ಬಳಿ ಕೆಲಸ ಕಲಿಯಲು ಬಿಟ್ಟ. ಐದು ನೂರು ವರ್ಷದ ಹಿಂದಿನ ಒಬ್ಬ ಮುಂಗೋಪದ ತಂದೆಗೆ ಬಂದ ಬುದ್ಧಿ ನಮಗೆ ಬರಬಾರದೆ?

ನಮ್ಮ ಮೇಲೆ ಒಂದು ಆಕ್ಷೇಪ ಬರುತ್ತದೆ, ಗೊತ್ತು. ‘ಪರಊರಿನಲ್ಲಿ ಬಾಡಿಗೆ ಕಟ್ಟಿ, ಮಕ್ಕಳ ಫೀಸು ಕಟ್ಟಿ, ಊರಿಗೆ ಹಣ ಕಳಿಸುವವರಿಗೆ ಶಿಲ್ಪ ಚಿತ್ರದ ಉಪದೇಶ ಸುಲಭ. ನೌಕರಿ ಇಲ್ಲದ ಮಗಳನ್ನು ಯಾರು ಸಾಕುತ್ತಾರೆ?’ ಇದು ಹುಸಿ ಭಯವಲ್ಲ. ಪ್ರತಿ ಮಗುವೂ ಕಲಾವಿದನಾಗಲಿ ಎಂದು ನಾವು ಹೇಳುತ್ತಿಲ್ಲ. ಆದರೆ ವೇದಿಕೆಯ ಮೇಲೆ ‘ಶಿಲ್ಪಕಲೆಯ ತವರು ನಮ್ಮ ಕರ್ನಾಟಕ’ ಎಂದು ಭಾಷಣ ಮಾಡಿ, ಮನೆಗೆ ಬಂದು ಕುಂಚ ಹಿಡಿದ ಮಗುವನ್ನು ಗದರುವುದು ಸಲ್ಲದು. ತವರು ಎಂದಮೇಲೆ ಮಕ್ಕಳು ಹುಟ್ಟಲೇಬೇಕಲ್ಲ!

ಆದ್ದರಿಂದ ಸಂಘದ ಮುಂದೆ ನಮ್ಮ ಬೇಡಿಕೆಗಳು ಮೂರು. ಒಂದು, ಮುಂದಿನ ರಸಪ್ರಶ್ನೆಯಲ್ಲಿ ಬೇಲೂರಿನ ಪ್ರಶ್ನೆಗೆ ದಾಸೋಜ, ಚಾವಣ ಎಂಬ ಉತ್ತರಕ್ಕೆ ಮಾತ್ರ ಅಂಕ ಕೊಡಬೇಕು. ಇಟಲಿಯ ಪ್ರಶ್ನೆಗಳೂ ಇರಲಿ, ಕಡಿಮೆ ಮಾಡಬೇಕಿಲ್ಲ. ಎರಡು, ಈ ಚಳಿಗಾಲದ ಪಿಕ್ನಿಕ್ಕನ್ನು ಚೌರಂಗಿಯಿಂದ ಶುರುಮಾಡೋಣ. ಕಲಾ ಕಾಲೇಜಿನ ಮುಂದೆ ನಿಂತು, ವೆಂಕಟಪ್ಪನವರು ಈ ಬಾಗಿಲಲ್ಲಿ ಓಡಾಡಿದವರು ಎಂದು ಮಕ್ಕಳಿಗೆ ಹೇಳಿ, ಆಮೇಲೆ ಪೂರಿ ಪಲ್ಯದ ಡಬ್ಬ ತೆರೆಯೋಣ. ಮೂರು, ಎಲ್.ಟಿ.ಸಿ.ಯಲ್ಲೋ ರಜೆಯಲ್ಲೋ ಊರಿಗೆ ಹೋಗುವ ಪ್ರತಿ ಕುಟುಂಬವೂ ಹತ್ತಿರದ ಒಂದು ಗುಡಿಗೆ ಹೋಗಿ, ವಿಗ್ರಹದ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಮೇಲೆ ಬಗ್ಗಿ ಅದರ ಪೀಠವನ್ನೂ ನೋಡಲಿ. ಅಕ್ಷರ ಕಂಡರೆ ಅದರ ಫೋಟೋ ತೆಗೆದು, ಊರು, ಗುಡಿ, ದಿನಾಂಕ ಬರೆದು ಈ ಪತ್ರಿಕೆಗೆ ಕಳಿಸಲಿ. ಓದಲು ಬಾರದಿದ್ದರೆ ಬಲ್ಲವರನ್ನು ಕೇಳಿ ಓದಿಸೋಣ. ನಮ್ಮಲ್ಲಿ ಅರ್ಧ ಜನ ಕಚೇರಿಯವರು. ಹೆಸರು ಬರೆದು, ತಾರೀಖು ಹಾಕಿ, ಕಡತಕ್ಕೆ ಸೇರಿಸುವುದೇ ನಮ್ಮ ಕಸುಬು. ವಸಾರಿ ಮಾಡಿದ್ದೂ ಒಂದು ಬಗೆಯ ಗುಮಾಸ್ತಗಿರಿಯೇ. ಅದನ್ನು ನಾವು ಮಾಡಲಾರೆವೆ?

ನಮ್ಮ ಮಾತನ್ನು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ, ಉತ್ತರಿಸಲು ಸಿದ್ಧರಿದ್ದೇವೆ. ಸದ್ಯಕ್ಕೆ ನಮ್ಮ ಪಾಲಿನ ಕೆಲಸವೊಂದು ಬಾಕಿ ಇದೆ. ಪ್ರವೇಶ ಪರೀಕ್ಷೆಯ ಅರ್ಜಿಗೆ ಇನ್ನೂ ಸಮಯವಿದೆಯಂತೆ. ಇವತ್ತು ಸಂಜೆ ಮನೆಗೆ ಹೋಗಿ ನಾವೇ ಮಾತು ತೆಗೆಯಬೇಕು.